ಕ್ಲಾಸ್, ಆಬ್ಜೆಕ್ಟ್ ಮತ್ತು ಕ್ರಿಸ್ಟೆನ್ ನೈಗಾರ್ಡ್



ನಿಮ್ಮಲ್ಲಿ ಬಿ.ಸಿ.ಎ., ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಓದುತ್ತಿರುವವರು ಜಾವಾ ಅಥವಾ ಸಿ ಪ್ಲಸ್ ಪ್ಲಸ್ ಪುಸ್ತಕದ ಮೊದಲ ಅಧ್ಯಾಯಗಳನ್ನು ಖಂಡಿತ ನೋಡಿರುತ್ತೀರಿ. ಕ್ಲಾಸ್ ಎಂದರೇನು? ಆಬ್ಜೆಕ್ಟ್ ಎಂದರೇನು? ಇನ್‌ಹೆರಿಟೆನ್ಸ್ ಎಂದರೇನು? ಇವೆಲ್ಲ ಎರಡು ಅಂಕದ ಪ್ರಶ್ನೆಗಳು. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ, ಉತ್ತರ ಪತ್ರಿಕೆಯಲ್ಲಿ ಬರೆದು, ತೇರ್ಗಡೆಯೂ ಆಗುತ್ತೀರಿ. ಆದರೆ ಉದ್ಯೋಗದ ಸಂದರ್ಶನದಲ್ಲಿ ಎದುರಿಗೆ ಕುಳಿತವರು ಇದೆಲ್ಲ ಯಾಕೆ ಬೇಕು ಎಂದು ಕೇಳಿದರೆ ಮಾತು ನಿಂತುಹೋಗುತ್ತದೆ. ತರಗತಿಯಲ್ಲೇ ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಎದ್ದಿರಬಹುದು. ಉಳಿದವರಿಗೆಲ್ಲ ಅರ್ಥವಾಗಿದೆ, ನನಗೊಬ್ಬನಿಗೆ ಆಗಿಲ್ಲ ಎಂದು ಸುಮ್ಮನಾಗಿರಬಹುದು.

ಹಾಗೆ ಸುಮ್ಮನಾದವರಿಗಾಗಿಯೇ ಈ ಲೇಖನ. ಇಂದು ನಾವು ಕಲಿಯುವ ಕ್ಲಾಸ್, ಸಬ್‌ಕ್ಲಾಸ್, ಆಬ್ಜೆಕ್ಟ್, ವರ್ಚುವಲ್ ಎಂಬ ಕಲ್ಪನೆಗಳನ್ನು ಜಗತ್ತಿಗೆ ಮೊದಲು ಕೊಟ್ಟವರು ನಾರ್ವೆ ದೇಶದ ಇಬ್ಬರು: ಕ್ರಿಸ್ಟೆನ್ ನೈಗಾರ್ಡ್ ಮತ್ತು ಓಲೆ-ಯೋಹಾನ್ ಡಾಲ್. ಇವರಲ್ಲಿ ನೈಗಾರ್ಡ್ ಅವರ ಜೀವನವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರ ಬದುಕನ್ನು ತಿಳಿದರೆ ನಿಮ್ಮ ಪಠ್ಯದ ಹಲವು ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಗಣಿತದಿಂದ ಸರತಿ ಸಾಲಿನವರೆಗೆ

ಕ್ರಿಸ್ಟೆನ್ ನೈಗಾರ್ಡ್ 1926ರ ಆಗಸ್ಟ್ 27ರಂದು ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಜನಿಸಿದರು. 1948ರಲ್ಲಿ ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅಲ್ಲಿ ಕೆಲಸ ಮಾಡುತ್ತಲೇ ಓದು ಮುಂದುವರಿಸಿ 1956ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ದುಡಿಯುತ್ತಾ ಓದುತ್ತಿರುವ ನಮ್ಮ ಯುವಕರು ಈ ಮಾತನ್ನು ಗಮನಿಸಬೇಕು.

ನಾರ್ವೆ ಆಗ ತನ್ನ ಮೊದಲ ಪರಮಾಣು ರಿಯಾಕ್ಟರ್ ಕಟ್ಟುವ ಸಿದ್ಧತೆಯಲ್ಲಿತ್ತು. ಅದಕ್ಕೆ ಬೇಕಾದ ಲೆಕ್ಕಗಳಲ್ಲಿ ನೈಗಾರ್ಡ್ ತೊಡಗಿದರು. ನೇರ ಸೂತ್ರದಿಂದ ಬಿಡಿಸಲಾಗದ ಲೆಕ್ಕವನ್ನು ಯಾದೃಚ್ಛಿಕ ಸಂಖ್ಯೆಗಳ ಸಹಾಯದಿಂದ ಮತ್ತೆ ಮತ್ತೆ ಆಡಿ ನೋಡಿ ಅಂದಾಜು ಮಾಡುವ ವಿಧಾನಕ್ಕೆ ಮಾಂಟೆ ಕಾರ್ಲೊ ವಿಧಾನ ಎಂದು ಹೆಸರು. ಕಂಪ್ಯೂಟರ್ ಇನ್ನೂ ಕೈಗೆ ಸಿಗದ ಆ ದಿನಗಳಲ್ಲಿ ಈ ಲೆಕ್ಕಗಳನ್ನು ಕೈಯಿಂದಲೇ ಮಾಡಬೇಕಾಗಿತ್ತು. ನಿಜವಾದ ವ್ಯವಸ್ಥೆಯೊಂದರ ನಕಲನ್ನು ಲೆಕ್ಕದಲ್ಲಿ ನಡೆಸಿ ನೋಡುವ ಸಿಮ್ಯುಲೇಶನ್ ಎಂಬ ಕೆಲಸದ ಪರಿಚಯ ಅವರಿಗೆ ಹೀಗೆ ಆಯಿತು.

ನಂತರ ಅವರು ಕಾರ್ಯಾಚರಣಾ ಸಂಶೋಧನೆಯ ಕಡೆಗೆ ತಿರುಗಿದರು. ಒಂದು ಕೌಂಟರ್‌ನಲ್ಲಿ ಎಷ್ಟು ಜನ ಕಾಯುತ್ತಾರೆ, ಇನ್ನೊಂದು ಕೌಂಟರ್ ತೆರೆದರೆ ಸಾಲು ಎಷ್ಟು ಕಡಿಮೆಯಾಗುತ್ತದೆ, ಕಾರ್ಖಾನೆಯಲ್ಲಿ ಯಾವ ಯಂತ್ರದ ಮುಂದೆ ಕೆಲಸ ರಾಶಿ ಬೀಳುತ್ತದೆ ಎಂಬಂತಹ ಪ್ರಶ್ನೆಗಳನ್ನು ಬಿಡಿಸುವ ಶಾಸ್ತ್ರ ಇದು. ಇಲ್ಲಿ ಅವರಿಗೆ ಎದುರಾದ ಕಷ್ಟ ಲೆಕ್ಕದ್ದಲ್ಲ, ಭಾಷೆಯದು. ಇಂತಹ ವ್ಯವಸ್ಥೆಯನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ವಿವರಿಸುವುದು ಹೇಗೆ? ಆ ವಿವರಣೆಯನ್ನೇ ಕಂಪ್ಯೂಟರಿಗೂ ಕೊಟ್ಟು ನಡೆಸುವುದು ಹೇಗೆ? ಮನುಷ್ಯರಿಗೂ ಯಂತ್ರಕ್ಕೂ ಅರ್ಥವಾಗುವ ಒಂದೇ ಭಾಷೆ ಬೇಕು ಎಂಬ ಯೋಚನೆ ಅವರಲ್ಲಿ ಬೆಳೆಯಿತು.

ಸಣ್ಣ ದೇಶದ ದೊಡ್ಡ ಸಾಹಸ

1960ರಲ್ಲಿ ನೈಗಾರ್ಡ್ ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ಗೆ ಬಂದರು. ಹೊಸ ಭಾಷೆಯ ಕಲ್ಪನೆ ಅವರಲ್ಲಿತ್ತು. ಅದನ್ನು ಕಂಪ್ಯೂಟರ್ ಮೇಲೆ ನಿಲ್ಲಿಸಬಲ್ಲ ನಿಪುಣರು ಬೇಕಾಗಿದ್ದರು. ರಕ್ಷಣಾ ಸಂಸ್ಥೆಯಲ್ಲಿ ಪರಿಚಯವಿದ್ದ, ತಮಗಿಂತ ಐದು ವರ್ಷ ಕಿರಿಯರಾದ ಡಾಲ್ ಅವರನ್ನು ಜೊತೆಗೆ ಸೇರಿಸಿಕೊಂಡರು. ಡಾಲ್ ಮಿತಭಾಷಿ, ಪ್ರೋಗ್ರಾಮಿಂಗ್‌ನಲ್ಲಿ ಅಸಾಧಾರಣ ಪರಿಣತಿ ಇದ್ದವರು. ನೈಗಾರ್ಡ್ ಮಾತುಗಾರರು, ಜನರನ್ನು ಒಪ್ಪಿಸಿ ಕೆಲಸ ಆಗುವಂತೆ ಮಾಡುವವರು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು.

ಆರಂಭದಲ್ಲಿ ಅವರಿಗೆ ಸಿಕ್ಕಿದ್ದು ಪ್ರೋತ್ಸಾಹಕ್ಕಿಂತ ಹೆಚ್ಚಾಗಿ ಆಕ್ಷೇಪಣೆಗಳೇ. ಇಂತಹ ಭಾಷೆಯಿಂದ ಪ್ರಯೋಜನವಿಲ್ಲ ಎಂದರು ಕೆಲವರು. ಪ್ರಯೋಜನವಿದೆ, ಆದರೆ ಈಗಾಗಲೇ ಬೇರೆಯವರು ಮಾಡಿದ್ದಾರೆ ಎಂದರು ಇನ್ನು ಕೆಲವರು. ನಿಮ್ಮ ಯೋಚನೆಗೂ ಸಾಮರ್ಥ್ಯಕ್ಕೂ ಇದು ಮೀರಿದ್ದು, ಕೆಲಸ ಮುಗಿಯುವುದೇ ಇಲ್ಲ ಎಂದವರೂ ಇದ್ದರು. ಇದೆಲ್ಲ ಹಣಬಲವಿರುವ ದೊಡ್ಡ ದೇಶಗಳ ಕೆಲಸ, ನಾರ್ವೆಯಂತಹ ಸಣ್ಣ ದೇಶಕ್ಕೆ ಯಾಕೆ ಎಂಬುದು ಕೊನೆಯ ಆಕ್ಷೇಪಣೆ. ಓದುಗರೇ, ಇಂತಹ ಮಾತುಗಳನ್ನು ನಾವೂ ಕೇಳಿದ್ದೇವಲ್ಲವೇ? ನಮ್ಮ ಊರಿನ, ನಮ್ಮ ಮನೆತನದ, ನಮ್ಮ ಮಾಧ್ಯಮದ ಮಕ್ಕಳಿಗೆ ಇದು ಆಗದ ಕೆಲಸ ಎಂದು ಹೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ನೈಗಾರ್ಡ್ ವಾದಕ್ಕೆ ನಿಂತು ಸಮಯ ಕಳೆಯಲಿಲ್ಲ. 1962ರಲ್ಲಿ ಅಮೆರಿಕಕ್ಕೆ ಹೋಗಿ ಯುನಿವ್ಯಾಕ್ ಕಂಪನಿಯವರಿಗೆ ತಮ್ಮ ಯೋಜನೆಯನ್ನು ವಿವರಿಸಿದರು. ಕಂಪನಿಗೆ ಆಸಕ್ತಿ ಹುಟ್ಟಿತು. ಯುನಿವ್ಯಾಕ್ 1107 ಎಂಬ ಕಂಪ್ಯೂಟರ್ 1963ರಲ್ಲಿ ರಿಯಾಯಿತಿ ದರದಲ್ಲಿ ಓಸ್ಲೋಗೆ ಬಂತು. ಅದರ ಮೇಲೆ ಹೊಸ ಭಾಷೆಯನ್ನು ಸಿದ್ಧಪಡಿಸಿಕೊಡುವ ಒಪ್ಪಂದವೂ ಆಯಿತು. 1965ರ ಆರಂಭದ ಹೊತ್ತಿಗೆ ಸಿಮುಲಾ ಎಂಬ ಭಾಷೆ ಬಳಕೆಗೆ ಸಿದ್ಧವಾಯಿತು.

ಆಬ್ಜೆಕ್ಟ್ ಯಾಕೆ ಬೇಕಾಯಿತು?

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಆರಂಭದಲ್ಲಿ ನೈಗಾರ್ಡ್ ಜಗತ್ತನ್ನು ಎರಡು ಭಾಗ ಮಾಡಿ ನೋಡಿದ್ದರು. ಕೆಲಸ ಮಾಡುವ ಕೇಂದ್ರಗಳು ಒಂದು ಕಡೆ, ಕೇಂದ್ರದಿಂದ ಕೇಂದ್ರಕ್ಕೆ ಸಾಗುವ ಗ್ರಾಹಕರು ಇನ್ನೊಂದು ಕಡೆ. ಕೇಂದ್ರ ಕ್ರಿಯಾಶೀಲ, ಗ್ರಾಹಕ ಸುಮ್ಮನೆ ಸಾಲಿನಲ್ಲಿ ನಿಲ್ಲುವ ಮಾಹಿತಿಯ ಕಟ್ಟು. ಆದರೆ ವಿಮಾನ ನಿಲ್ದಾಣದ ಒಬ್ಬ ಪ್ರಯಾಣಿಕನನ್ನು ಯೋಚಿಸಿ. ಅವನು ಬರುತ್ತಾನೆ, ಸಾಮಾನು ಒಪ್ಪಿಸುತ್ತಾನೆ, ಕಾಯುತ್ತಾನೆ, ಹೊರಡುತ್ತಾನೆ. ಅವನ ಕಡೆಯಿಂದ ನೋಡಿದರೆ ಅವನೇ ಕ್ರಿಯಾಶೀಲ, ಕೌಂಟರ್ ನಿಂತಲ್ಲೇ ನಿಂತಿದೆ. ಹಾಗಾದರೆ ಈ ಭೇದವೇ ಬೇಡ, ಪ್ರತಿಯೊಂದಕ್ಕೂ ತನ್ನದೇ ಮಾಹಿತಿಯೂ ಇರಲಿ, ತನ್ನದೇ ಕ್ರಿಯೆಯೂ ಇರಲಿ ಎಂಬ ತೀರ್ಮಾನಕ್ಕೆ 1964ರಲ್ಲಿ ಅವರಿಬ್ಬರೂ ಬಂದರು.

ಆಬ್ಜೆಕ್ಟ್ ಎಂದರೆ ಇಷ್ಟೇ. ಮಾಹಿತಿ ಮತ್ತು ಆ ಮಾಹಿತಿಯ ಮೇಲೆ ನಡೆಯುವ ಕೆಲಸ, ಎರಡೂ ಒಂದೇ ಕಡೆ ಕೂಡಿರುವುದು. ಕ್ಲಾಸ್ ಎಂಬುದು ಅದರ ನಮೂನೆ. ಕಾಲೇಜಿನಲ್ಲಿ ಅಚ್ಚಾದ ಖಾಲಿ ಪ್ರವೇಶ ಅರ್ಜಿ ಇದೆಯಲ್ಲ, ಅದು ಕ್ಲಾಸ್ ಇದ್ದಂತೆ. ನೀವು ತುಂಬಿ ಕೊಟ್ಟ ಅರ್ಜಿ ಆಬ್ಜೆಕ್ಟ್ ಇದ್ದಂತೆ. ನಮೂನೆ ಒಂದೇ, ತುಂಬಿದ ಅರ್ಜಿಗಳು ನೂರಾರು. ವ್ಯತ್ಯಾಸವೇನೆಂದರೆ ಕಾಗದದ ಅರ್ಜಿ ತಾನಾಗಿ ಏನೂ ಮಾಡಲಾರದು. ಆಬ್ಜೆಕ್ಟ್ ತನ್ನ ಅಂಕಗಳನ್ನು ತಾನೇ ಕೂಡಿಸಿ ಹೇಳಬಲ್ಲದು. ಹಾಗೆ ಕೂಡಿಸುವಾಗ ನೂರಾರು ಆಬ್ಜೆಕ್ಟ್‌ಗಳಲ್ಲಿ ಈಗ ಕೆಲಸ ಮಾಡುತ್ತಿರುವುದು ನಾನೇ ಎಂದು ಸೂಚಿಸಲು ದಿಸ್ ಎಂಬ ಪದ. ಇದೂ ಸಿಮುಲಾದಲ್ಲಿತ್ತು.

ನ್ಯೂ ಎಂದು ಬರೆಯುವುದೇಕೆ?

ಸಿಮುಲಾಕ್ಕೆ ಆಧಾರವಾದದ್ದು ಆಲ್ಗಾಲ್ 60 ಎಂಬ ಭಾಷೆ. ಅದರಲ್ಲಿ ಒಂದು ಪ್ರೊಸೀಜರ್ ಶುರುವಾದಾಗ ಅದರ ಚರಗಳಿಗೆ ಮೆಮೊರಿಯಲ್ಲಿ ಜಾಗ ಸಿಗುತ್ತದೆ, ಮುಗಿದ ಕೂಡಲೇ ಆ ಜಾಗ ಹೋಗುತ್ತದೆ. ಕೊನೆಗೆ ಬಂದದ್ದು ಮೊದಲು ಹೋಗಬೇಕು ಎಂಬ ಸ್ಟ್ಯಾಕ್ ನಿಯಮ ಇದು. ಆದರೆ ಸಾಲಿನಲ್ಲಿ ನಿಂತ ಗ್ರಾಹಕರು ಬಂದ ಕ್ರಮಕ್ಕೆ ವಿರುದ್ಧವಾಗಿ ಹೊರಹೋಗಬೇಕೆಂಬ ನಿಯಮವಿಲ್ಲ. ಯಾರು ಯಾವಾಗ ಹೋಗುತ್ತಾರೋ ಮೊದಲೇ ಹೇಳಲಾಗದು. ಅದಕ್ಕಾಗಿ ಡಾಲ್ 1963ರಲ್ಲಿ ಹೊಸ ಮೆಮೊರಿ ವ್ಯವಸ್ಥೆಯನ್ನು ರೂಪಿಸಿದರು. ನ್ಯೂ ಎಂದು ಬರೆದಾಗ ಈ ಪ್ರತ್ಯೇಕ ಜಾಗದಲ್ಲಿ ಒಂದು ಆಬ್ಜೆಕ್ಟ್ ಹುಟ್ಟುತ್ತದೆ. ಅದನ್ನು ಹುಟ್ಟಿಸಿದ ಪ್ರೊಸೀಜರ್ ಮುಗಿದರೂ ಅದು ಉಳಿಯಬಲ್ಲದು. ಯಾರೂ ಅದನ್ನು ಬಳಸದಂತಾದಾಗ ಜಾಗವನ್ನು ಮರಳಿ ಪಡೆಯುವ ಕೆಲಸಕ್ಕೆ ಗಾರ್ಬೇಜ್ ಕಲೆಕ್ಷನ್ ಎನ್ನುತ್ತಾರೆ. 1967ರ ಸಿಮುಲಾದಲ್ಲಿ ಇದೂ ಇತ್ತು. ಜಾವಾದಲ್ಲಿ ಇದು ತಾನಾಗಿ ನಡೆಯುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ನ್ಯೂ ಎಂದು ಪಡೆದದ್ದನ್ನು ಡಿಲೀಟ್ ಎಂದು ಹಿಂತಿರುಗಿಸುವ ಜವಾಬ್ದಾರಿ ಬರೆಯುವವರ ಮೇಲಿದೆ.

ಇನ್ನೊಂದು ಗೊಂದಲವಿದೆ. ಜಾವಾದಲ್ಲಿ ಒಂದೇ ಅಕ್ಷರಗಳಿರುವ ಎರಡು ಸ್ಟ್ರಿಂಗ್‌ಗಳನ್ನು ಎರಡು ಸಮಚಿಹ್ನೆ ಹಾಕಿ ಹೋಲಿಸಿದರೆ ಕೆಲವೊಮ್ಮೆ ಸಮವಲ್ಲ ಎಂಬ ಉತ್ತರ ಬರುತ್ತದೆ. ಕಾರಣವಿಷ್ಟೇ: ಚರದಲ್ಲಿರುವುದು ಆಬ್ಜೆಕ್ಟ್ ಅಲ್ಲ, ಆಬ್ಜೆಕ್ಟ್ ಎಲ್ಲಿದೆ ಎಂಬ ಸೂಚನೆ. ಅಲ್ಲಿ ಕೇಳಿದ ಪ್ರಶ್ನೆ ಇವೆರಡೂ ಒಂದೇ ಆಬ್ಜೆಕ್ಟೇ ಎಂಬುದು. ಇವೆರಡರಲ್ಲಿ ಇರುವ ಅಕ್ಷರಗಳು ಒಂದೇ ಏನು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಈಕ್ವಲ್ಸ್ ಎಂಬ ಮೆಥಡ್ ಬಳಸಬೇಕು. ಒಂದೇ ಹೆಸರಿನ ಇಬ್ಬರು ವಿದ್ಯಾರ್ಥಿಗಳು ಒಬ್ಬನೇ ವಿದ್ಯಾರ್ಥಿ ಆಗುವುದಿಲ್ಲವಲ್ಲ, ಹಾಗೆ. ಸಿಮುಲಾದ ನಿರ್ಮಾತೃಗಳು ಈ ಗೊಂದಲವನ್ನು ಮೊದಲೇ ಗುರುತಿಸಿದ್ದರು. ಮೌಲ್ಯವನ್ನು ಕೊಡುವುದಕ್ಕೆ ಒಂದು ಚಿಹ್ನೆ, ಆಬ್ಜೆಕ್ಟ್‌ನ ಸೂಚನೆಯನ್ನು ಕೊಡುವುದಕ್ಕೆ ಬೇರೊಂದು ಚಿಹ್ನೆ ಇಟ್ಟರು. ಹೋಲಿಕೆಗೂ ಹಾಗೆಯೇ ಎರಡು ಬೇರೆ ಚಿಹ್ನೆಗಳಿದ್ದವು. ಯಾವ ಆಬ್ಜೆಕ್ಟನ್ನೂ ಸೂಚಿಸದ ಚರಕ್ಕೆ ನನ್ ಎಂಬ ಪದವಿತ್ತು. ಇಂದಿನ ಜಾವಾದ ನಲ್ ಅದರದೇ ಬಂಧು.

ಸೇತುವೆಯ ಸುಂಕದ ಕಟ್ಟೆ

ಇನ್‌ಹೆರಿಟೆನ್ಸ್ ಹುಟ್ಟಿದ ಕಥೆಯೂ ಸ್ವಾರಸ್ಯಕರ. ಒಂದು ಸೇತುವೆ, ಅದರ ಬಳಿ ಸುಂಕದ ಕಟ್ಟೆ, ಮುಂದೆ ವಾಹನಗಳ ಸಾಲು. ಸಾಲಿನಲ್ಲಿ ಲಾರಿಗಳೂ ಇವೆ, ಬಸ್ಸುಗಳೂ ಇವೆ. ಈ ಉದಾಹರಣೆ ನೈಗಾರ್ಡ್ ಮತ್ತು ಡಾಲ್ ಅವರನ್ನು ಕಾಡಿತು. ಲಾರಿಗೆ ಹೊರೆಯ ತೂಕ ಬೇಕು, ಬಸ್ಸಿಗೆ ಪ್ರಯಾಣಿಕರ ಸಂಖ್ಯೆ ಬೇಕು. ಆದರೆ ಸಾಲಿನಲ್ಲಿ ನಿಲ್ಲುವ ಗುಣ ಎರಡಕ್ಕೂ ಒಂದೇ. ಲಾರಿಗೊಮ್ಮೆ, ಬಸ್ಸಿಗೊಮ್ಮೆ ಅದನ್ನೇ ಬರೆಯುವುದು ಯಾಕೆ?

1966ರ ಕೊನೆ ಮತ್ತು 1967ರ ಆರಂಭದ ಚಳಿಗಾಲದಲ್ಲಿ ಉತ್ತರ ಹೊಳೆಯಿತು. ಸಾಮಾನ್ಯ ಗುಣಗಳನ್ನು ಒಂದು ಕ್ಲಾಸ್‌ನಲ್ಲಿ ಬರೆದು, ಅದರ ಹೆಸರನ್ನು ಇನ್ನೊಂದು ಕ್ಲಾಸ್‌ನ ಮುಂದೆ ಇಟ್ಟರೆ ಸಾಕು, ಮೊದಲನೆಯದರ ಗುಣಗಳೆಲ್ಲ ಎರಡನೆಯದಕ್ಕೆ ಬರುತ್ತವೆ. ಲಾರಿಯೂ ವಾಹನವೇ, ಬಸ್ಸೂ ವಾಹನವೇ. ಹೀಗೆ ಸಬ್‌ಕ್ಲಾಸ್ ಹುಟ್ಟಿತು. 1967ರ ಮೇ ತಿಂಗಳಲ್ಲಿ ಓಸ್ಲೋ ಬಳಿಯ ಲೀಸೆಬು ಎಂಬಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು. ಈ ಹೊಸ ಭಾಷೆಗೆ ಸಿಮುಲಾ 67 ಎಂದು ಹೆಸರಾಯಿತು.

ವರ್ಚುವಲ್ ಎಂಬ ಪದವೂ ಸಿಮುಲಾ 67ರದ್ದೇ. ಸುಂಕ ವಸೂಲಿ ಮಾಡುವವನು ಪ್ರತಿ ವಾಹನಕ್ಕೂ ನಿನ್ನ ಸುಂಕವೆಷ್ಟು ಎಂಬ ಒಂದೇ ಪ್ರಶ್ನೆ ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಲಾರಿ ತನ್ನ ತೂಕ ನೋಡಿ ಉತ್ತರಿಸಬೇಕು, ಬಸ್ಸು ತನ್ನ ಪ್ರಯಾಣಿಕರನ್ನು ನೋಡಿ ಉತ್ತರಿಸಬೇಕು. ಕೇಳುವವನಿಗೆ ಎದುರಿಗಿರುವುದು ಯಾವ ಬಗೆಯ ವಾಹನವೆಂಬ ಚಿಂತೆ ಇರಬಾರದು. ಪಠ್ಯದಲ್ಲಿ ನೀವು ಪಾಲಿಮಾರ್ಫಿಸಂ ಎಂದು ಓದುವುದು ಮುಖ್ಯವಾಗಿ ಇದನ್ನೇ. ಸಿ ಪ್ಲಸ್ ಪ್ಲಸ್‌ನಲ್ಲಿ ಇದಕ್ಕೆ ವರ್ಚುವಲ್ ಎಂದು ಬರೆಯಬೇಕು. ಜಾವಾದಲ್ಲಿ ಸಾಮಾನ್ಯ ಮೆಥಡ್‌ಗಳು ಬರೆಯದಿದ್ದರೂ ಹಾಗೆಯೇ ವರ್ತಿಸುತ್ತವೆ.

ಹಾಗಾದರೆ ಪ್ರೈವೇಟ್? ಆಶ್ಚರ್ಯವೆಂದರೆ 1967ರ ಸಿಮುಲಾದಲ್ಲಿ ಮಾಹಿತಿಯನ್ನು ಹೊರಗಿನವರಿಂದ ಮುಚ್ಚಿಡುವ ಸೌಲಭ್ಯ ಇರಲಿಲ್ಲ. ಯಾರು ಬೇಕಾದರೂ ಆಬ್ಜೆಕ್ಟ್‌ನ ಒಳಗೆ ಕೈಹಾಕಿ ಬದಲಾಯಿಸಬಹುದಾಗಿತ್ತು. ಪ್ರೋಗ್ರಾಮ್‌ಗಳು ದೊಡ್ಡದಾಗಿ, ಹಲವರು ಸೇರಿ ಬರೆಯುವಾಗ ಇದರ ತೊಂದರೆ ಅರಿವಾಯಿತು. 1970ರ ದಶಕದಲ್ಲಿ ಆ ಸೌಲಭ್ಯವನ್ನು ಸೇರಿಸಲಾಯಿತು. ಈ ಕ್ಷೇತ್ರವನ್ನು ಕಟ್ಟಿದವರಿಗೇ ಎಲ್ಲವೂ ಒಮ್ಮೆಲೇ ಹೊಳೆದಿರಲಿಲ್ಲ. ಒಂದೇ ತಿಂಗಳ ತರಗತಿಯಲ್ಲಿ ಎಲ್ಲ ಅರ್ಥವಾಗಲಿಲ್ಲವೆಂದು ನೀವು ಕೊರಗಬೇಕಾಗಿಲ್ಲ.

ಬೀಜ ಹರಡಿದ ಬಗೆ

ಸಿಮುಲಾ ಬಳಸಿದವರು ಹೆಚ್ಚಿನ ಸಂಖ್ಯೆಯಲ್ಲಿರಲಿಲ್ಲ. ಆದರೆ ನೋಡಿದವರಲ್ಲಿ ಮುಖ್ಯರಾದವರಿದ್ದರು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ವಿದ್ಯಾರ್ಥಿಯಾಗಿದ್ದ ಅಲನ್ ಕೇ ಅದರಿಂದ ಪ್ರಭಾವಿತರಾಗಿ ಮುಂದೆ ಸ್ಮಾಲ್‌ಟಾಕ್ ಭಾಷೆಯನ್ನು ರೂಪಿಸಿದರು. ಆಬ್ಜೆಕ್ಟ್ ಓರಿಯೆಂಟೆಡ್ ಎಂಬ ಹೆಸರು ಕೊಟ್ಟವರೂ ಅವರೇ. ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆಗೆ ಸಿಮುಲಾ ಬಳಸಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಸಿ ಭಾಷೆಗೆ ಕ್ಲಾಸ್‌ಗಳನ್ನು ಸೇರಿಸತೊಡಗಿದರು. ಅದೇ ಸಿ ಪ್ಲಸ್ ಪ್ಲಸ್ ಆಯಿತು. 1995ರಲ್ಲಿ ಜಾವಾ ಹೊರಬಂತು. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನವೂ ಬರೆಯುವ ಜಾವಾ ಪ್ರೋಗ್ರಾಮ್‌ಗಳ ಬೇರು ಓಸ್ಲೋದ ಆ ಸುಂಕದ ಕಟ್ಟೆಯ ಚರ್ಚೆಯಲ್ಲಿದೆ.

ಕಾರ್ಮಿಕರ ಪಕ್ಕದಲ್ಲಿ

ಇಷ್ಟಕ್ಕೇ ನಿಂತಿದ್ದರೆ ನೈಗಾರ್ಡ್ ಒಬ್ಬ ಶ್ರೇಷ್ಠ ವಿಜ್ಞಾನಿ ಮಾತ್ರ ಆಗಿರುತ್ತಿದ್ದರು. ತಮ್ಮ ವಿದ್ಯೆ ಯಾರ ಕೈಗೆ ಸೇರುತ್ತಿದೆ ಎಂಬ ಪ್ರಶ್ನೆಯನ್ನೂ ಅವರು ಕೇಳಿಕೊಂಡರು. ಕೆಲಸವನ್ನು ಲೆಕ್ಕಹಾಕಿ ಯೋಜಿಸುವ ಇಂತಹ ಸಾಧನಗಳು ಕಾರ್ಖಾನೆಗಳಿಗೆ ಬರುತ್ತಿದ್ದವು. ಅವುಗಳಿಂದ ಆಡಳಿತ ವರ್ಗದ ಹಿಡಿತ ಬಿಗಿಯಾಗುತ್ತದೆ, ದುಡಿಯುವವರಿಗೆ ಮಾತ್ರ ಏನು ನಡೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ ಎಂದು ಅವರಿಗೆ ಅನಿಸಿತು.

1970ರ ದಶಕದ ಆರಂಭದಲ್ಲಿ ಅವರು ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಂದಿಗೆ ಸೇರಿ ಕೆಲಸ ಮಾಡಿದರು. ಕಂಪ್ಯೂಟರ್ ಬಂದರೆ ತಮ್ಮ ಕೆಲಸ ಹೇಗೆ ಬದಲಾಗುತ್ತದೆ ಎಂಬುದನ್ನು ಕಾರ್ಮಿಕರೇ ಅಧ್ಯಯನ ಮಾಡಿ, ಆ ಕುರಿತು ಮಾತನಾಡುವಂತಾಗಬೇಕು ಎಂಬುದು ಉದ್ದೇಶ. ಇಂತಹ ಪ್ರಯತ್ನಗಳ ಫಲವಾಗಿ ಹೊಸ ಕಂಪ್ಯೂಟರ್ ವ್ಯವಸ್ಥೆ ತರುವಾಗ ಕಾರ್ಮಿಕರಿಗೆ ಮಾಹಿತಿ ಪಡೆಯುವ, ಅಭಿಪ್ರಾಯ ಹೇಳುವ ಅವಕಾಶ ನೀಡುವ ಒಪ್ಪಂದಗಳು ನಾರ್ವೆಯಲ್ಲಿ 1970ರ ದಶಕದಲ್ಲೇ ಆದವು. ಬಳಸುವವರನ್ನೂ ಸೇರಿಸಿಕೊಂಡೇ ವ್ಯವಸ್ಥೆಯನ್ನು ರೂಪಿಸಬೇಕು ಎಂಬ ವಿಧಾನ ಇಂದು ಜಗತ್ತಿನಾದ್ಯಂತ ಪರಿಚಿತ. ಅದರ ಮೂಲಗಳಲ್ಲಿ ಇದೂ ಒಂದು.

ಸಿಮುಲಾ ಮತ್ತು ಕಾರ್ಮಿಕರ ಕೆಲಸ ಬೇರೆ ಬೇರೆ ಎಂದು ನಿಮಗೆ ಅನಿಸಬಹುದು. ಎರಡರ ಹಿಂದೆಯೂ ಒಂದೇ ಆಶಯವಿದೆ. ನಡೆಯುತ್ತಿರುವುದು ಅದರಲ್ಲಿ ಭಾಗಿಯಾದ ಜನರಿಗೆ ಅರ್ಥವಾಗಬೇಕು ಎಂಬುದೇ ಆ ಆಶಯ.

ಕೊನೆಯ ವರ್ಷಗಳು

ನೈಗಾರ್ಡ್ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ, ನಂತರ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ದುಡಿದು 1996ರಲ್ಲಿ ನಿವೃತ್ತರಾದರು. ಡೆನ್ಮಾರ್ಕ್ ಮತ್ತು ನಾರ್ವೆಯ ಸಹೋದ್ಯೋಗಿಗಳೊಂದಿಗೆ ಬೀಟಾ ಎಂಬ ಇನ್ನೊಂದು ಭಾಷೆಯನ್ನೂ ರೂಪಿಸಿದರು. ಸಾರ್ವಜನಿಕ ಜೀವನದಲ್ಲೂ ಸಕ್ರಿಯರಾಗಿದ್ದರು. ನಾರ್ವೆ ಐರೋಪ್ಯ ಒಕ್ಕೂಟಕ್ಕೆ ಸೇರಬಾರದೆಂಬ ಚಳವಳಿಯ ಅಧ್ಯಕ್ಷರಾಗಿದ್ದರು. 1994ರ ನವೆಂಬರ್ 28ರ ಜನಮತಗಣನೆಯಲ್ಲಿ ಶೇಕಡಾ 52ರಷ್ಟು ಮತದಾರರು ಸೇರುವುದು ಬೇಡವೆಂದು ತೀರ್ಪಿತ್ತರು. ಆ ನಿಲುವನ್ನು ಒಪ್ಪದವರೂ ಅವರ ಸಂಘಟನಾ ಶಕ್ತಿಯನ್ನು ಮೆಚ್ಚಿದರು.

ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ನೇ ಸಾಲಿಗೆ ಡಾಲ್ ಮತ್ತು ನೈಗಾರ್ಡ್ ಇಬ್ಬರಿಗೂ ಒಟ್ಟಾಗಿ ಬಂತು. ಸಿಮುಲಾ 67 ಹೊರಬಂದು ಮೂವತ್ತನಾಲ್ಕು ವರ್ಷಗಳಾಗಿದ್ದವು. 2002ರಲ್ಲಿ ಜಾನ್ ವಾನ್ ನ್ಯೂಮನ್ ಪದಕವೂ ಇಬ್ಬರ ಪಾಲಾಯಿತು. ಆದರೆ ಅದೇ ವರ್ಷ ಜೂನ್ 29ರಂದು ಡಾಲ್ ತೀರಿಕೊಂಡರು. ಆರು ವಾರಗಳ ನಂತರ, ಆಗಸ್ಟ್ 10ರಂದು, ನೈಗಾರ್ಡ್ ಕೂಡ ಹೃದಯಾಘಾತದಿಂದ ಇಹಲೋಕ ತ್ಯಜಿಸಿದರು. ಅವರಿಗೆ ಎಪ್ಪತ್ತಾರು ತುಂಬಲು ಕೆಲವೇ ದಿನಗಳಿದ್ದವು. ಓಸ್ಲೋ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಎರಡು ಕಟ್ಟಡಗಳಿಗೆ ಇಬ್ಬರ ಹೆಸರುಗಳನ್ನೂ ಇಡಲಾಗಿದೆ. ಇಬ್ಬರ ಹೆಸರಿನಲ್ಲಿ ಒಂದು ಅಂತರರಾಷ್ಟ್ರೀಯ ಪ್ರಶಸ್ತಿಯೂ ಇದೆ.

ಮಿತ್ರರೇ, ಇನ್ನು ಮುಂದೆ ಜಾವಾ ಪುಸ್ತಕ ತೆರೆದಾಗ ಸುಂಕದ ಕಟ್ಟೆಯ ಮುಂದಿನ ಲಾರಿ, ಬಸ್ಸುಗಳನ್ನು ನೆನಪಿಸಿಕೊಳ್ಳಿ. ಪ್ರತಿ ಹೊಸ ಪದ ಬಂದಾಗಲೂ ಇದು ಯಾವ ಕಷ್ಟಕ್ಕೆ ಪರಿಹಾರವಾಗಿ ಬಂತು ಎಂದು ಕೇಳಿ. ಅಧ್ಯಾಪಕರನ್ನು ಕೇಳಿ, ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ನಮ್ಮ ಸಂಘದ ಸದಸ್ಯರಲ್ಲಿ ಈ ಕ್ಷೇತ್ರದಲ್ಲಿ ದುಡಿಯುತ್ತಿರುವವರು ಅಂತಹ ಪ್ರಶ್ನೆ ಬಂದಾಗ ಇಷ್ಟೂ ಗೊತ್ತಿಲ್ಲವೇ ಎಂದು ಹೇಳದೆ, ತಮ್ಮ ಮೊದಲ ವರ್ಷವನ್ನು ನೆನೆದು ಹತ್ತು ನಿಮಿಷ ಕುಳಿತು ವಿವರಿಸಲಿ. ಹಾಗೆ ಅರ್ಥಮಾಡಿಕೊಂಡ ವಿದ್ಯಾರ್ಥಿ ಮುಂದಿನ ವರ್ಷ ಇನ್ನೊಬ್ಬನಿಗೆ ಹೇಳಿಕೊಡುತ್ತಾನೆ.